ಬದನಿಕಾಯಿ ಗೊತ್ತಿದ್ದ ಹುಡುಗಿ

ಹೈದರಾಬಾದಿನ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಅಂಗನವಾಡಿ ಸಿಗುತ್ತದೆ. ಅದರ ಸುತ್ತ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳು. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕುಟುಂಬಗಳೂ ಅಲ್ಲಿವೆ. ಕಳೆದ ವರ್ಷ ಒಂದು ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಟೀಚರ್ ತರಕಾರಿ ಚಾರ್ಟಿನ ಮೇಲೆ ಬೆರಳಿಟ್ಟು "ಇದಿ ಏಮಿಟಿ?" ಎಂದು ಕೇಳುತ್ತಿದ್ದರು. ಮಕ್ಕಳು "ವಂಕಾಯ!" ಎಂದು ಕೂಗಿದರು. ನಾಲ್ಕು ವರ್ಷದ ಒಬ್ಬಳು ಮಾತ್ರ ಸುಮ್ಮನಿದ್ದಳು. "ಇವಳಿಗೆ ಇನ್ನೂ ಮಾತು ಸರಿಯಾಗಿ ಬಂದಿಲ್ಲ" ಎಂದರು ಟೀಚರ್. ನಾನು ಪಕ್ಕ ಕೂತು "ಇದೇನವ್ವ?" ಅಂದೆ. "ಬದನಿಕಾಯಿ" ಎಂದು ಪಿಸುಗುಟ್ಟಿದಳು. ಆಮೇಲೆ ಅವರ ಊರಲ್ಲಿ ಅಜ್ಜಿ ಮಾಡುವ ಎಣಗಾಯಿ ಪಲ್ಯದ ಕಥೆಯೂ ಬಂತು. ಮಧ್ಯಾಹ್ನ ಕರೆದೊಯ್ಯಲು ಬಂದ ತಾಯಿ ಹೇಳಿದರು: "ಮನ್ಯಾಗ ಬಾಯಿ ಮುಚ್ಚಂಗಿಲ್ರೀ ಅಕ್ಕಾರ, ಇಲ್ಲಿ ಬಂದ್ರ ಬಾಯೇ ಬಿಡಂಗಿಲ್ಲ."

ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಕೋಣೆಯಲ್ಲಿ ಅಡುಗೆ, ತೂಕದ ದಾಖಲೆ, ಮಕ್ಕಳ ಪಾಠ ಎಲ್ಲವನ್ನೂ ನೋಡಿಕೊಳ್ಳುವವರು ಕನ್ನಡವನ್ನೂ ಕಲಿತಿರಬೇಕು ಎನ್ನುವುದು ಅನ್ಯಾಯ. ಆದರೆ ಆ ಮಗುವಿನ ಹೆಸರಿನ ಮುಂದೆ "ಮಾತು ಬರಲ್ಲ" ಎಂಬ ಷರಾ ಬಿದ್ದರೆ, ಅದು ಒಂದನೇ ತರಗತಿಗೂ ಅವಳ ಬೆನ್ನಿಗೇ ಹೋಗುತ್ತದೆ. ನನ್ನ ಚಿಂತೆ ಅದು.

ಶಿಕ್ಷಕರ ಕೈಪಿಡಿಗಳನ್ನು ಕನ್ನಡಕ್ಕೆ ಅನುವಾದಿಸುವುದು ನನ್ನ ಹೊಟ್ಟೆಪಾಡು. ಅವುಗಳಲ್ಲಿ "ಸಮುದಾಯದ ಸಹಭಾಗಿತ್ವ" ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ದಿನ ಮಾತ್ರ, ಇಲ್ಲಿ ಸಮುದಾಯ ಅಂದರೆ ಯಾರು ಎಂಬ ಪ್ರಶ್ನೆ ಎದ್ದಿತು. ಉತ್ತರ ಸರಳವಾಗಿತ್ತು. ಆ ಕೋಣೆಯಲ್ಲಿ ಕನ್ನಡ ಗೊತ್ತಿದ್ದ ದೊಡ್ಡವಳು ನಾನೊಬ್ಬಳೇ.

ಕಾಗದದ ಮೇಲೆ ಈ ಮಕ್ಕಳಿಗೆ ಹಕ್ಕುಗಳಿವೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಲು ರಾಜ್ಯಗಳು ಯತ್ನಿಸಬೇಕು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಾದ ಕಡೆಯೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತಿನಲ್ಲಿ ಪಾಠ ಆಗಲಿ ಎನ್ನುತ್ತದೆ. ತೆಲಂಗಾಣದ ಸರ್ಕಾರಿ ಶಾಲೆಗಳು 2022–23ರಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿವೆ. ಪಠ್ಯಪುಸ್ತಕದಲ್ಲಿ ಎದುರುಬದುರು ಪುಟಗಳಲ್ಲಿ ಇಂಗ್ಲಿಷ್ ಮತ್ತು ತೆಲುಗು. ನಮ್ಮ ಹುಡುಗಿಗೆ ಎರಡೂ ಪುಟ ಹೊಸವು.

ಹಾಗಂತ ಪ್ರತಿ ಬಡಾವಣೆಯಲ್ಲೂ ಕನ್ನಡ ಶಾಲೆ ತೆರೆಯಿರಿ ಎಂದು ನಾನು ಕೇಳುವುದಿಲ್ಲ. ಇವರು ಒಂದು ಸೈಟಿನಲ್ಲಿ ಎಂಟು ಮಂದಿ, ಇನ್ನೊಂದರಲ್ಲಿ ಮೂರು ಮಂದಿ. ಬಿತ್ತನೆಗೆ ಊರಿಗೆ ಹೋಗಿ ಸುಗ್ಗಿ ಮುಗಿದ ಮೇಲೆ ಮರಳುವವರು. ಅವರಿಗೆ ಶಾಲೆಗಿಂತ ಮೊದಲು ಬೇಕಿರುವುದು ಒಂದು ಕಾಲುಸೇತುವೆ. ಅದಕ್ಕೆ ಬೇಕಾದ ಸಾಮಾನು ಎರಡು ಭಾಷೆಗಳಲ್ಲೇ ಇದೆ. ಹಳಗನ್ನಡದ ಪಕಾರ ಕನ್ನಡದಲ್ಲಿ ಹಕಾರವಾಯಿತು, ತೆಲುಗಿನಲ್ಲಿ ಉಳಿಯಿತು. ಹಾಲು–ಪಾಲು, ಹುಲಿ–ಪುಲಿ, ಹೂವು–ಪುವ್ವು, ಹಾವು–ಪಾಮು. ಇಂಥ ಐವತ್ತು ಜೋಡಿಗಳ ಚಾರ್ಟನ್ನು ಗೋಡೆಗೆ ಅಂಟಿಸಿದರೆ ಟೀಚರಿಗೂ ಮಗುವಿಗೂ ಅದು ಆಟವಾಗುತ್ತದೆ. ಲಿಪಿಯೂ ಅಕ್ಕತಂಗಿ. ಒಂದನ್ನು ಓದಲು ಕಲಿತ ಮಗುವಿಗೆ ಇನ್ನೊಂದು ದೂರವಿಲ್ಲ.

ಆದರೆ ಆತುರ ಬೇಡ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕಾಗುಣಿತ ಒತ್ತಕ್ಷರಗಳೆಲ್ಲ ಕೈವಶವಾಗುವುದು ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ತೋರಿಸಿತು. ಅಂದರೆ ಇದು ವರ್ಷಗಳ ಕೆಲಸ. ನವೆಂಬರಿನ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ.

ನವೆಂಬರ್ ಎಂದೆ, ಏಕೆಂದರೆ ನನ್ನ ಮಾತು ಹೊರನಾಡ ಕನ್ನಡಿಗರಿಗೆ. ಉರ್ದು ಆಡಳಿತದ ನಿಜಾಮರ ಕಾಲದಲ್ಲಿ, ಸರ್ಕಾರ ಕೊಡದಿದ್ದನ್ನು ಜನರೇ ಕಟ್ಟಿಕೊಂಡ ನೆನಪು ಈ ಸೀಮೆಗಿದೆ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು. ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡಿಗರ ನೃಪತುಂಗ ಶಾಲೆ ಇದೆ. ಆ ಹಿರಿಯರು ಶಾಲೆ ಕಟ್ಟಿದರು. ನಾವು ಬಹಳಷ್ಟು ಕಡೆ ವೇದಿಕೆ ಕಟ್ಟುತ್ತೇವೆ. ಹಾಡು, ಸನ್ಮಾನ, ಹೋಳಿಗೆ ಊಟ ಎಲ್ಲ ನನಗೂ ಇಷ್ಟ. ಆದರೆ ಆ ಸಭಾಂಗಣದ ಪಕ್ಕದಲ್ಲೇ ಗೋಡೆ ಕಟ್ಟುತ್ತಿರುವ ಕನ್ನಡಿಗರನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ಜನ ಕೈಜೋಡಿಸಿದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಪಕ್ಕದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಅವರ ಎಂ. ವೆಂಕಟರಂಗಯ್ಯ ಫೌಂಡೇಶನ್ ಊರಿನ ಯುವಕರು, ಪಂಚಾಯಿತಿ, ಶಿಕ್ಷಕರನ್ನು ಒಟ್ಟುಗೂಡಿಸಿತು. ದುಡಿಯುತ್ತಿದ್ದ ಮಕ್ಕಳನ್ನು ಶಿಬಿರಗಳಲ್ಲಿ ತಯಾರು ಮಾಡಿ ಶಾಲೆಗೆ ಸೇರಿಸಿತು. 2003ರಲ್ಲಿ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

"ತಂದೆತಾಯಿಗೇ ಇಂಗ್ಲಿಷ್ ಬೇಕು, ನೀವೇಕೆ ಕನ್ನಡ ಹಿಡಿದು ಕೂತಿದ್ದೀರಿ?" ಎಂದು ಗೆಳತಿಯೊಬ್ಬಳು ಕೇಳಿದಳು. ಬೇಕು, ನಿಜ. ಆದರೆ ಕಥೆ ಹೇಳಲು, ಪ್ರಶ್ನೆ ಕೇಳಲು ಮಗು ಮೊದಲು ಕಲಿಯುವುದು ಮನೆಮಾತಿನಲ್ಲಿ. ಆ ಬಾಯನ್ನು ಮುಚ್ಚಿಸಿ ಇಂಗ್ಲಿಷ್ ತುಂಬಲು ಆಗದು.

ಹಾಗಾಗಿ ಸಂಘಗಳಲ್ಲಿ ನನ್ನ ಬೇಡಿಕೆ ಚಿಕ್ಕದು. ನಿಮ್ಮ ಊರಿನ ಒಂದು ಅಂಗನವಾಡಿಯನ್ನು ಆರಿಸಿಕೊಳ್ಳಿ. ಟೀಚರ ಒಪ್ಪಿಗೆ ಪಡೆದು, ವಾರಕ್ಕೆ ಎರಡು ಗಂಟೆ ಒಬ್ಬರು ಹೋಗಿ ಕಥೆ ಹೇಳಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಮಹಿಳೆಯರಿರಬೇಕು. ಆ ಸಭೆಗೆ ಶೆಡ್ಡಿನ ತಾಯಿಯನ್ನು ಕರೆದೊಯ್ದು ದುಭಾಷಿಯಾಗಿ ಕೂರಿ. ಕುಟುಂಬ ಊರಿಗೆ ಹೊರಟಾಗ ಮಗು ಏನು ಕಲಿತಿದೆ ಎಂದು ಅಲ್ಲಿನ ಶಾಲೆಗೆ ಒಂದು ಪುಟ ಬರೆದುಕೊಡಿ. ಹಳ್ಳಿಯಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಇವತ್ತು ನಿಮ್ಮ ಹೊಲದಲ್ಲಿ ನಾವು, ನಾಳೆ ನಮ್ಮ ಹೊಲದಲ್ಲಿ ನೀವು. ನಾವಿರುವ ಮನೆಗಳನ್ನು ಅವರು ಆಗಲೇ ಕಟ್ಟಿಕೊಟ್ಟಿದ್ದಾರೆ. ಈಗಿನ ಸರದಿ ನಮ್ಮದು.

ನಾನು ಗುರುವಾರಗಳಂದು ಹೋಗುತ್ತಿದ್ದೇನೆ. ಆ ಹುಡುಗಿ ಈಗ "ವಂಕಾಯ" ಅನ್ನುತ್ತಾಳೆ. ಟೀಚರ್ "ಬದನಿಕಾಯಿ" ಅನ್ನುತ್ತಾರೆ, ತುಸು ತಪ್ಪಾಗಿ. ಹುಡುಗಿ ಅವರನ್ನು ತಿದ್ದುತ್ತಾಳೆ.