ಬ್ರಹ್ಮಗಂಟಿಗೆ ರೆಕ್ಕೆ ಕಟ್ಟಿದರೆ ಪ್ರೇಮವಾಗುತ್ತಾ?

ಜಾತಕ ನೋಡಿ ಮದುವೆಯಾಗುವವರನ್ನು ಕಂಡು ನಗುವ ನಮ್ಮಂಥವರೇ ರಾತ್ರಿ ಎರಡರವರೆಗೆ ನಿದ್ದೆಗೆಟ್ಟು ಸಾರಾ ಜೆ. ಮಾಸ್ ಓದ್ತೀವಿ. ಓದೋಣ, ನಾನೂ ಓದ್ತೀನಿ. ಆದರೆ ಈಗಿನ ಫ್ಯಾಂಟಸಿ ರೊಮ್ಯಾನ್ಸ್‌ಗಳಲ್ಲಿ ಪ್ರೀತಿಗೆ ವಿಧಿಯ ಸೀಲು ಯಾಕೆ ಬೇಕು?

2016ರ ‘ಎ ಕೋರ್ಟ್ ಆಫ್ ಮಿಸ್ಟ್ ಅಂಡ್ ಫ್ಯೂರಿ’ಯಲ್ಲಿ ಫೇರಾ, ರೀಸಾಂಡ್ ‘ಮೇಟ್’ಗಳು. ನಮ್ಮೂರಲ್ಲಿ ಇದಕ್ಕೆ ಬ್ರಹ್ಮಗಂಟು ಅಂತಾರೆ. ಹಿಂದಿನ ಪುಸ್ತಕದಲ್ಲಿ ಅವಳಿಗೆ ಮತ್ತಿನ ವೈನ್ ಕುಡಿಸಿ ಕುಣಿಸಿದವನು ಇವನೇ. ಕಾಪಾಡೋಕೆ ಹಾಗೆ ಮಾಡಿದ್ದು ಅಂತ ಆಮೇಲೆ ಸಮಜಾಯಿಷಿ ಬರುತ್ತೆ. ಗಂಟು ಬಿದ್ದಿದೆ ಅಂದಮೇಲೆ ಅಭಿಮಾನಿಗಳಲ್ಲಿ ಲೆಕ್ಕ ಕೇಳುವವರು ಯಾರು? ಬಂಧವನ್ನು ಬೇಡ ಅನ್ನಬಹುದು, ರೀಸಾಂಡನ ಅಪ್ಪ ಅಮ್ಮನಿಗೇ ಅದು ಹೊಂದಲಿಲ್ಲ ಅಂತ ಮಾಸ್ ಬರೀತಾರೆ. ನಾಯಕಿಯ ವಿಷಯದಲ್ಲಿ ಮಾತ್ರ ವಿಧಿ ತಪ್ಪೋದೇ ಇಲ್ಲ!

2023ರ ‘ಫೋರ್ತ್ ವಿಂಗ್’ನಲ್ಲಿ ಗಂಟು ಹಾಕೋದು ಡ್ರ್ಯಾಗನ್‌ಗಳು. ವಯಲೆಟ್, ಝೇಡನ್ ಇಬ್ಬರ ಡ್ರ್ಯಾಗನ್‌ಗಳು ಜೋಡಿ. ಹಾಗಾಗಿ ಸವಾರರೂ ಬಹಳ ದಿನ ದೂರ ಇರೋ ಹಾಗಿಲ್ಲ. ‘ಒಟ್ಟಿಗಿದ್ರೆ ಎಲ್ಲ ಸರಿಹೋಗುತ್ತೆ’ ಅನ್ನೋ ಹಿರಿಯರಿಗೂ ಇದಕ್ಕೂ ಏನು ವ್ಯತ್ಯಾಸ ಸ್ವಾಮಿ?

ಕಲ್ಪನೆಯ ತಪ್ಪಲ್ಲ ಇದು. ಅದೇ ವರ್ಷ ಬಂದ ಹೆದರ್ ಫಾಸೆಟ್‌ರ ‘ಎಮಿಲಿ ವೈಲ್ಡ್ಸ್ ಎನ್‌ಸೈಕ್ಲೊಪೀಡಿಯಾ ಆಫ್ ಫೇರೀಸ್’ ನೋಡಿ. ಗಡೀಪಾರಾದ ಫೇರಿ ರಾಜನೇ ಮದುವೆಗೆ ಕೇಳಿದರೂ ಕೇಂಬ್ರಿಜ್‌ನ ಎಮಿಲಿ ಮೇಡಂ ಕೂಡಲೇ ಹೂಂ ಅನ್ನಲ್ಲ. ಯೋಚನೆ ಮಾಡ್ತಾರೆ. ನನಗೆ ಪ್ರೇಮ ಕಂಡದ್ದು ಆ ಯೋಚನೆಯಲ್ಲೇ. ‘ಬೇಡ’ ಅನ್ನೋಕೆ ಜಾಗವೇ ಇಲ್ಲದ ಕಡೆ ‘ಹೂಂ’ ಅನ್ನೋದಕ್ಕೆ ಏನು ಬೆಲೆ?