ಗುಳೆ ಹೋದವರ ಕೆಮ್ಮು

ದೇಹದ ಕಾವಲು ಗಟ್ಟಿಯಿದ್ದಾಗ ತಲೆ ಎತ್ತದೆ, ಅದು ಕುಗ್ಗಿದಾಗ ಮೇಲೇಳುವ ಕಾಯಿಲೆಗಳನ್ನು ವೈದ್ಯರು ಅವಕಾಶವಾದಿ ಸೋಂಕು ಎನ್ನುತ್ತಾರೆ. ಎಚ್‌ಐವಿಯಿಂದ ದೇಹ ಕಾಯುವ ಸಿಡಿ4 ಕಣಗಳು ಒಂದು ಘನ ಮಿಲಿಮೀಟರ್ ರಕ್ತದಲ್ಲಿ 200ಕ್ಕಿಂತ ಕೆಳಗಿಳಿದರೆ ನ್ಯುಮೋಸಿಸ್ಟಿಸ್ ನ್ಯುಮೋನಿಯಾ, ಕ್ರಿಪ್ಟೋಕಾಕಲ್ ಮೆನಿಂಜೈಟಿಸ್‌ನಂಥವು ಬರುವ ಅಪಾಯ ಹೆಚ್ಚು. ಕ್ಷಯ ಅಷ್ಟು ಕಾಯುವುದಿಲ್ಲ. ಸಿಡಿ4 ಎಷ್ಟಿದ್ದರೂ ಬರಬಹುದು. ಭಾರತದಲ್ಲಿ ಎಚ್‌ಐವಿ ಇರುವವರನ್ನು ಅತಿ ಹೆಚ್ಚು ಕಾಡುವ ಅವಕಾಶವಾದಿ ಸೋಂಕು ಅದೇ.

ಯಾದಗಿರಿ, ಶಹಾಪುರ, ಸುರಪುರದ ಜನ ಇದನ್ನು ಮನಸ್ಸಿಗೆ ತೆಗೆದುಕೊಳ್ಳಲೇಬೇಕು. ನಾರಾಯಣಪುರದ ಕಾಲುವೆ ನೀರು ಮುಟ್ಟದ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಗಾಳಿಯಾಡದ ತಗಡಿನ ಶೆಡ್ಡುಗಳಲ್ಲಿ ಒತ್ತಿಕೊಂಡು ಮಲಗುವ ಕಡೆ ಕ್ಷಯ ಸುಲಭವಾಗಿ ಹರಡುತ್ತದೆ. ಊರಿಗೆ ಮರಳಿದಾಗ ಆ ಕೆಮ್ಮನ್ನು ಸಿಮೆಂಟಿನ ಧೂಳಿನ ಲೆಕ್ಕಕ್ಕೆ ಹಾಕಿ ಬಿಡುವುದೇ ದೊಡ್ಡ ತಪ್ಪು. ಬೇರೆಯವರಿಗೆ ಎರಡು ವಾರ ದಾಟಿದ ಕೆಮ್ಮು ಅನುಮಾನಕ್ಕೆ ಕಾರಣವಾದರೆ, ಎಚ್‌ಐವಿ ಇರುವವರಿಗೆ ಎಷ್ಟೇ ದಿನದ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿತ, ಇವುಗಳಲ್ಲಿ ಒಂದಿದ್ದರೂ ತಪಾಸಣೆ ಆಗಬೇಕು. ಅವರ ಕಫದಲ್ಲಿ ರೋಗಾಣು ಕಡಿಮೆ ಇದ್ದು ಸೂಕ್ಷ್ಮದರ್ಶಕಕ್ಕೆ ಸಿಗದೆ ಹೋಗುವುದುಂಟು. ಅದಕ್ಕೇ ಕಡಿಮೆ ರೋಗಾಣುವನ್ನೂ ಹಿಡಿಯುವ ಸಿಬಿನ್ಯಾಟ್ ಯಂತ್ರದ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬೇಕು.

ಇಂದಿನ ಚಿಕಿತ್ಸೆಯ ಹಿಂದೆ ಇಂಥ ರೋಗಿಗಳೇ ಒಪ್ಪಿ ಭಾಗವಹಿಸಿದ ಸಂಶೋಧನೆಗಳಿವೆ. ಮೊದಲು ಕ್ಷಯದ ಮಾತ್ರೆಯನ್ನು ವಾರಕ್ಕೆ ಮೂರು ದಿನ ಕೊಡಲಾಗುತ್ತಿತ್ತು. ಎಚ್‌ಐವಿ ಮತ್ತು ಶ್ವಾಸಕೋಶದ ಕ್ಷಯ ಎರಡೂ ಇದ್ದ 331 ಜನರ ಮೇಲೆ ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ ದಿನನಿತ್ಯದ ಮಾತ್ರೆಯೇ ಮೇಲೆಂದು ಕಂಡಿತು. ಯಾವುದನ್ನು ಮೊದಲು ಆರಂಭಿಸಬೇಕು ಎಂಬುದನ್ನೂ ಸಂಶೋಧನೆಯೇ ಕಲಿಸಿತು: ಕ್ಷಯದ ಔಷಧಿ ಮೊದಲು, ಎರಡು ವಾರದೊಳಗೆ ಎಆರ್‌ಟಿ, ಅಂದರೆ ಎಚ್‌ಐವಿಯ ಔಷಧಿ. ಮೆನಿಂಜೈಟಿಸ್ ಇದ್ದರೆ ಮಾತ್ರ ಎಆರ್‌ಟಿಯನ್ನು ಇನ್ನಷ್ಟು ತಡವಾಗಿ ಶುರುಮಾಡಬೇಕು. ಅವಸರಪಟ್ಟರೆ ಜೀವಕ್ಕೇ ಕುತ್ತು. ಕ್ಷಯ ಇಲ್ಲದವರಿಗೆ ಆರು ತಿಂಗಳ ಐಸೋನಿಯಾಜಿಡ್, ಸಿಡಿ4 ಕುಸಿದವರಿಗೆ ಕೋಟ್ರೈಮೋಕ್ಸಜೋಲ್ ಮುನ್ನೆಚ್ಚರಿಕೆಯ ಮದ್ದು.

ಭಾರತದಲ್ಲಿ ಎಆರ್‌ಟಿ 2004ರಿಂದ ಉಚಿತ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಸಿಗುತ್ತದೆ. ಆದರೂ ಅಕ್ಕಪಕ್ಕದವರ ಮಾತಿಗೆ ಅಂಜಿ ಆಸ್ಪತ್ರೆಯ ಹೊಸ್ತಿಲು ತುಳಿಯದವರಿದ್ದಾರೆ. ಅವರ ಅಂಜಿಕೆ ಬಿಡಿಸುವುದು ನೆರೆಹೊರೆಯವರ ಕೈಯಲ್ಲಿದೆ. ಒಟ್ಟಿಗೆ ಉಂಡರೆ, ಒಂದೇ ಬಾವಿಯ ನೀರು ಸೇದಿದರೆ ಎಚ್‌ಐವಿ ಬರುವುದಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾಯ್ದೆ ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನು, ಸೋಂಕಿನ ಕಾರಣಕ್ಕೆ ಕೆಲಸದಿಂದ ಬಿಡಿಸುವುದನ್ನು ತಡೆಯುತ್ತದೆ. ಸಹಾಯವಾಣಿ 1097ಕ್ಕೆ ಹೆಸರು ಹೇಳದೆಯೂ ಕರೆ ಮಾಡಬಹುದು.

ಗುಳೆ ಹೊರಡುವ ಮುಂಚೆ ಎಆರ್‌ಟಿ ಕೇಂದ್ರಕ್ಕೆ ತಿಳಿಸುವುದನ್ನು ಮರೆಯಬಾರದು. ಹೆಚ್ಚು ತಿಂಗಳ ಮಾತ್ರೆಗೂ, ಹೋಗುವ ಊರಿನ ಕೇಂದ್ರಕ್ಕೆ ವರ್ಗಾವಣೆ ಪತ್ರಕ್ಕೂ ಅಲ್ಲೇ ಕೇಳಬೇಕು. ಬಟ್ಟೆಬರೆಯ ಗಂಟಿನಲ್ಲಿ ಜೋಳದ ಹಿಟ್ಟಿನ ಜೊತೆ ಚಿಕಿತ್ಸೆಯ ಪುಸ್ತಕವೂ ಇರಲಿ.