ಗಣಕದ ಕಡತಗಳೂ ಗ್ರಂಥರಕ್ಷಣೆಯೂ

ಗಣಕಯಂತ್ರದಲ್ಲಿ ಬರೆದುದನ್ನು ಸಿ.ಡಿ.ಗೆ ತುಂಬಿ ಬೀರುವಿನಲ್ಲಿಟ್ಟರೆ ಅದು ಆಚಂದ್ರಾರ್ಕವಾಗಿ ಉಳಿಯುವುದೆಂಬ ನಂಬುಗೆಯು ಸುಶಿಕ್ಷಿತರಲ್ಲಿಯೂ ಬೇರೂರಿರುವುದು. ಕನ್ನಡದ ಮಟ್ಟಿಗೆ ಇದಕ್ಕಿಂತ ಹಾನಿಕರವಾದ ಭ್ರಾಂತಿಯು ಮತ್ತೊಂದಿಲ್ಲ.

ಓಲೆಗರಿಯ ಸ್ವಭಾವವೇ ಬೇರೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಗೋಚರಿಸಿದ ಕೌಟಿಲೀಯ ಅರ್ಥಶಾಸ್ತ್ರವು ಗ್ರಂಥಲಿಪಿಯ ಓಲೆಗಳಲ್ಲಿದ್ದಿತು. ಲಿಪಿಯನ್ನೂ ಶಾಸ್ತ್ರವನ್ನೂ ಬಲ್ಲ ಪಂಡಿತರು ಅದನ್ನು ಓದಿದರು. 1909ರಲ್ಲಿ ಅದು ಮುದ್ರಿತವಾಯಿತು. ಅಕ್ಷರವು ಓಲೆಯ ಮೇಲೆಯೇ ಇದ್ದಿತಷ್ಟೆ. ಗಣಕದ ಕಡತದಲ್ಲಾದರೋ ಇರುವುವು ಅಂಕಿಗಳು. ಯಾವ ಅಂಕಿಗೆ ಯಾವ ಅಕ್ಷರವೆಂಬ ಸಂಕೇತವು ಕಡತದ ಹೊರಗಿರುವುದು.

ಇದು ಬರಿಯ ತರ್ಕವಲ್ಲ. ಯೂನಿಕೋಡ್ ವ್ಯವಸ್ಥೆಯು 1991ರಲ್ಲಿಯೇ ಕನ್ನಡದ ಪ್ರತಿಯೊಂದು ವರ್ಣಕ್ಕೂ ಸ್ವಂತ ಸಂಖ್ಯೆಯನ್ನು ಕೊಟ್ಟಿತು, ಕಕಾರದ್ದು 3221. ಆದರೂ ಬಹುಕಾಲ ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳ್ಳಿರಿಸಿ ಪುಸ್ತಕಗಳನ್ನೂ ಸರ್ಕಾರಿ ಪತ್ರಗಳನ್ನೂ ಬೆರಳಚ್ಚು ಮಾಡಲಾಯಿತು. ನುಡಿಯ ಆ ಫಾಂಟಿಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವೇ ರೋಮನ್ ‘ಪಿ’ಯಿಂದ ಮೊದಲಾಗುವ ಅರ್ಥಹೀನ ಚಿಹ್ನೆಗಳ ಸಾಲಾಗುವುದು. ಕಡತದಲ್ಲಿ ಒಂದಂಕಿಯೂ ಕೆಟ್ಟಿಲ್ಲ, ಕೆಟ್ಟುದು ಓದು.

ಕಾಗದದ ಮೇಲೆ ಮುದ್ರಿಸಿಟ್ಟರೆ ಸಾಲದೆ ಎಂದು ಕೆಲವರು ಕೇಳುವರು. ಸಾಲದು. ಕಾಗದವು ಕೊನೆಯ ಪಾಠವೊಂದನ್ನೇ ತೋರುವುದು. ಕರಡುಗಳ ಕ್ರಮ, ತಿದ್ದಿದ ದಿನ ಮೊದಲಾದುವು ಕಡತಗಳಲ್ಲಿರುವುವು. ಅಮೆರಿಕದ ಎಮರಿ ವಿಶ್ವವಿದ್ಯಾನಿಲಯವು ಕಾದಂಬರಿಕಾರ ಸಲ್ಮಾನ್ ರಶ್ದಿಯವರ ಕಾಗದಗಳೊಡನೆ ಅವರ ಗಣಕಗಳನ್ನೂ ಪಡೆದು, 2010ರಲ್ಲಿ ಒಂದು ಗಣಕದ ಒಳರೂಪವನ್ನೇ ಹೊಸ ಯಂತ್ರದಲ್ಲಿ ಮರಳಿ ಮೂಡಿಸಿ ಓದುಗರಿಗೆ ತೆರೆದುದು ಈ ಕಾರಣದಿಂದಲೇ.

ಯೂನಿಕೋಡಿಗೆ ಪರಿವರ್ತಿಸಿ ಮೂಲವನ್ನು ಅಳಿಸಿದರಾಯಿತೆಂಬವರ ಪಕ್ಷವು ಇನ್ನೂ ದುರ್ಬಲವಾದುದು. ಪರಿವರ್ತಕ ತಂತ್ರಾಂಶವು ನಡುವೆ ಬಂದ ಇಂಗ್ಲಿಷ್ ಪದವನ್ನೂ ಕನ್ನಡವೆಂದೇ ಭಾವಿಸಿ ವಿರೂಪಗೊಳಿಸುವುದುಂಟು, ಅರ್ಕಾವೊತ್ತು ಸ್ಥಾನಪಲ್ಲಟವಾಗುವುದುಂಟು. ಮೂಲವೇ ಇಲ್ಲದಿರಲು ಯಾವುದರೊಡನೆ ಹೋಲಿಸಿ ತಿದ್ದುವುದು? ಪಾಠಪರಿಷ್ಕರಣವನ್ನು ಬಲ್ಲವರು ಮಾತೃಕೆಯನ್ನು ಸುಟ್ಟು ಪ್ರತಿಯನ್ನು ಪೂಜಿಸುವರೆ?

ಸರಿಯಾದ ಮಾರ್ಗವು ಕಠಿನವಲ್ಲ. ಫ್ಲಾಪಿಯ ಮೇಲೆ ಏನೂ ಬರೆಯಲ್ಪಡದಂತೆ ತಡೆಯನ್ನಿಟ್ಟು, ಅದರ ಸಮಗ್ರ ಪ್ರತಿಬಿಂಬವನ್ನು ತೆಗೆಯಬೇಕು. ಕಡತಕ್ಕೆ ಮುದ್ರೆಯಂತಿರುವ ಲೆಕ್ಕವೊಂದನ್ನು ಬರೆದಿಡಬೇಕು; ಮುಂದೆ ಕಡತವು ಕಿಂಚಿತ್ತು ಬದಲಾದರೂ ಆ ಲೆಕ್ಕವು ತಾಳೆಯಾಗದು. ಪ್ರತಿಗಳನ್ನು ಬೇರೆಬೇರೆ ಊರುಗಳಲ್ಲಿಟ್ಟು ಆಗಾಗ್ಗೆ ಪರೀಕ್ಷಿಸಬೇಕು. ಅನಂತರ ಯೂನಿಕೋಡ್ ಪ್ರತಿಯನ್ನು ಮಾಡಿ, ಕನ್ನಡಬಲ್ಲವರಿಂದ ತಿದ್ದಿಸಿ, ಮೂಲದ ಫಾಂಟು ಯಾವುದೆಂಬುದನ್ನೂ ಬರೆದಿಡಬೇಕು.

ಆ ಫಾಂಟನ್ನು ಬಲ್ಲ ಬೆರಳಚ್ಚುಗಾರರು ಇನ್ನೂ ಜಿಲ್ಲೆ ಜಿಲ್ಲೆಗಳಲ್ಲಿರುವರು. ಸಾಹಿತ್ಯಸಂಘಗಳು ಸನ್ಮಾನದ ಶಾಲುಗಳಿಗಾಗಿ ಮಾಡುವ ವೆಚ್ಚದಲ್ಲಿ ಅಲ್ಪಾಂಶವನ್ನಾದರೂ ಈ ಕಾರ್ಯಕ್ಕೆ ಮೀಸಲಿಡಲಿ. ಸಾಹಿತಿಯನ್ನು ಸನ್ಮಾನಿಸಿ ಅವನ ಬರಹವನ್ನು ಅಳಿಯಗೊಡುವುದು ಯಾವ ಗೌರವವೂ ಅಲ್ಲ.